ವೇಷ ಇಲ್ಲ, ಪರದೆ ಇಲ್ಲ, ಬರೀ ನಿಂತ್ಕೊಂಡು ಹಾಡೋ ಒಪೇರಾ: ಇದು ಮೋಸಾನಾ?

ಪ್ರಶ್ನೆ: ಸರ್ ನಮಸ್ಕಾರ, ನಾನು ದಾವಣಗೆರೆಯ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಮೊನ್ನೆ ಮಗಳು ಲ್ಯಾಪ್‌ಟಾಪಲ್ಲಿ ಒಂದು ಒಪೇರಾ, ಅಂದ್ರೆ ಹಾಡಲ್ಲೇ ನಡೆಯೋ ಪಾಶ್ಚಾತ್ಯ ನಾಟಕ, ಹಾಕಿ ತೋರಿಸಿದ್ಲು. ಸ್ಟೇಜ್ ತುಂಬಾ ವಾದ್ಯದೋರು, ಮುಂದೆ ನಾಲ್ಕೈದು ಜನ ಕೋಟು ಹಾಕ್ಕೊಂಡು ಪುಸ್ತಕ ಸ್ಟ್ಯಾಂಡ್ ಮೇಲಿಟ್ಟು ಹಾಡ್ತಾ ಇದ್ರು, ವೇಷಾನೂ ಇಲ್ಲ ಸೀನರೀನೂ ಇಲ್ಲ. ರಾಜ ಅಂತೆ, ಕೊಲೆ ಅಂತೆ, ಕತ್ತಿ ಮಾತ್ರ ಕಾಣಲೇ ಇಲ್ಲ. ಟಿಕೆಟ್ ದುಡ್ಡು ಇಸ್ಕೊಂಡು ಅರ್ಧ ನಾಟಕ ತೋರಿಸೋದು ಮೋಸ ಅಲ್ವಾ? ಎರಡನೇದು, ನಮ್ಮ ಬಡಾವಣೆ ಗೆಳೆಯರದ್ದು ಒಂದು ಸಂಘ ಇದೆ, ವರ್ಷ ವರ್ಷ ಕುರುಕ್ಷೇತ್ರ ನಾಟಕ ಮಾಡ್ತಿದ್ವಿ, ಈಗ ಡ್ರೆಸ್ಸು, ಸೀನರಿ ಬಾಡಿಗೆ ಕಟ್ಟೋಕೆ ಆಗ್ತಿಲ್ಲ, ವಯಸ್ಸೂ ಆಯ್ತು. ಅದನ್ನೇ ಈ ಥರ ಒಂದು ಸಭಾಂಗಣದಲ್ಲಿ ನಿಂತ್ಕೊಂಡು ಹಾಡಿದ್ರೆ ಹೆಂಗೆ? ಏನೇನು ನೋಡ್ಕೋಬೇಕು?

ಉತ್ತರ:

ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆ ಓದಿದ ಮೇಲೆ ಮೊದಲನೇ ಪ್ರಶ್ನೆಗೆ ನೀವೇ ಉತ್ತರ ಹೇಳ್ಕೊಂಡಿದ್ದೀರಿ ಅನ್ನಿಸ್ತು. ಮೋಸ ಅಂತ ಬೈದು ನಾಲ್ಕು ಸಾಲು ಕೆಳಗೆ ಬರೋಷ್ಟರಲ್ಲಿ ನಮ್ದೂ ಹಂಗೇ ಮಾಡಿದ್ರೆ ಹೆಂಗೆ ಅಂತೀರಲ್ಲ. ಇರಲಿ ಬಿಡ್ರಿ, ನಾನೂ ಮೊದಲ ಸಲ ಇಂಥದ್ದು ಕೇಳಿದಾಗ ಹಂಗೇ ಅಂದ್ಕೊಂಡಿದ್ದೆ. ನಾಟಕದ ಹಾರ್ಮೋನಿಯಂ ಪಕ್ಕ ಕೂತು ಬೆಳೆದೋನು ನಾನು, ಆಮೇಲೆ ಹೊಟ್ಟೆಪಾಡಿಗೆ ಸೌಂಡ್ ಕೆಲಸ ಹಿಡಿದೆ, ಅದಕ್ಕೆ ಈ ವಿಷಯದಲ್ಲಿ ಬಾಯಿ ಸ್ವಲ್ಪ ಜಾಸ್ತಿ.

ಮೊದಲು ಒಂದು ಮಾತು. ನಮ್ಮ ಪಕ್ಕದ ಮಲೆನಾಡು, ಕರಾವಳಿ ಕಡೆ ತಾಳಮದ್ದಳೆ ಅಂತ ಇದೆ, ನೀವು ಕೇಳಿರ್ತೀರಿ. ಯಕ್ಷಗಾನದ ಪ್ರಸಂಗಾನೇ, ಅದೇ ಭಾಗವತರು, ಅದೇ ಮದ್ದಳೆ, ಚೆಂಡೆ, ಆದ್ರೆ ಕಿರೀಟ ಇಲ್ಲ, ಗೆಜ್ಜೆ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಪಂಚೆ ಶಾಲು ಹಾಕ್ಕೊಂಡು ಕೂತು ಮಾತಲ್ಲೇ ಕರ್ಣ ಆಗ್ತಾರೆ, ಕೃಷ್ಣ ಆಗ್ತಾರೆ. ಅದನ್ನ ಯಾರಾದ್ರೂ ಅರ್ಧ ಯಕ್ಷಗಾನ ಅಂತಾರಾ? ಅದರ ರಸಿಕರು ಬೇರೇನೇ ಇದ್ದಾರೆ. ಕಣ್ಣಿಗೆ ಕೆಲಸ ಕಮ್ಮಿ ಆದಾಗ ಕಿವಿಗೆ ಬುದ್ಧಿ ಬರುತ್ತೆ ಅಷ್ಟೇ. ನೀವು ಲ್ಯಾಪ್‌ಟಾಪಲ್ಲಿ ನೋಡಿದ್ದೂ ಒಪೇರಾದ ತಾಳಮದ್ದಳೆ ಅಂದ್ಕೊಳ್ಳಿ, ಹೋಲಿಕೆ ಪೂರ್ತಿ ಸರಿ ಅಲ್ಲ, ಅಲ್ಲಿ ಆಶುಮಾತಿಲ್ಲ, ಒಂದೊಂದು ಸ್ವರಾನೂ ಬರೆದಿಟ್ಟಿದ್ದು, ಆದ್ರೂ ಒಳಗಿನ ಲೆಕ್ಕ ಒಂದೇ.

ಈ ಪದ್ಧತಿ ನಿನ್ನೆ ಮೊನ್ನೇದೂ ಅಲ್ಲ. 1732ರಲ್ಲಿ ಲಂಡನ್ನಲ್ಲಿ ಹ್ಯಾಂಡೆಲ್ ಅನ್ನೋ ಸಂಗೀತ ರಚನೆಕಾರರು ಬೈಬಲ್ ಕಥೆಯ ಎಸ್ತರ್ ಅನ್ನೋದನ್ನ ಥಿಯೇಟರಲ್ಲಿ ಹಾಡಿಸಿದ್ರು, ಧರ್ಮದ ಕಥೆಯನ್ನ ನಾಟಕದೋರು ಆಡಿ ತೋರಿಸ್ಬಾರ್ದು ಅಂತ ಅಲ್ಲಿನ ಬಿಷಪ್ಪರ ತಕರಾರು ಬಂತು, ಹಂಗಾಗಿ ಅಭಿನಯ ಬಿಟ್ಟು ಬರೀ ಹಾಡು. ಅದೇ ದಾರಿ ಹಿಡಿದು ಹೋಗಿ ಹ್ಯಾಂಡೆಲ್ 1742ರಲ್ಲಿ ಡಬ್ಲಿನ್ನಲ್ಲಿ ಮೆಸ್ಸಾಯ ಅನ್ನೋ ಹೆಸರಾದ ಧಾರ್ಮಿಕ ಗಾಯನ ಹಾಡಿಸಿದ್ದು. ಆಮೇಲೆ ಜರ್ಮನಿಯ ಒಪೇರಾ ರಚನೆಕಾರ ವಾಗ್ನರ್ ಕಥೆ. ಅವರ ಪಾರ್ಸಿಫಲ್ ಅನ್ನೋ ಒಪೇರಾ 1882ರಲ್ಲಿ ಜರ್ಮನಿಯ ಬೈರಾಯಿತ್ ಊರಲ್ಲಿ ಶುರುವಾಯ್ತು, ಆ ಥಿಯೇಟರ್ ಬಿಟ್ಟು ಬೇರೆಲ್ಲೂ ಅದನ್ನ ರಂಗದ ಮೇಲೆ ತರಂಗಿಲ್ಲ ಅಂತ ಕಟ್ಟು ಮಾಡಿದ್ರು. ಸರಿ, ಲಂಡನ್ ಜನ ಏನ್ ಮಾಡಿದ್ರು? 1884ರಲ್ಲಿ ರಾಯಲ್ ಆಲ್ಬರ್ಟ್ ಹಾಲಲ್ಲಿ ವೇಷ, ಸೀನರಿ ಏನೂ ಇಲ್ಲದೆ ಕಛೇರಿ ಥರ ಹಾಡಿಸಿ ಕೇಳಿದ್ರು. ರಂಗದ ಮೇಲೆ ತರಬ್ಯಾಡ ಅಂದಿದ್ರು, ಕೇಳಬ್ಯಾಡ ಅಂದಿರ್ಲಿಲ್ಲವಲ್ಲ! ನಮ್ಮ ವಕೀಲರ ತಲೆ ಓಡಿದಂಗೆ ಓಡಿದೆ ನೋಡ್ರಿ.

ಇನ್ನೊಂದು ಹೇಳಿಬಿಡ್ತೀನಿ, ಇದು ನನಗೆ ತುಂಬಾ ಇಷ್ಟದ್ದು. 1965ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಲ್ಲಿ ಡೊನಿಜೆಟ್ಟಿ ಅವರ ಲುಕ್ರೇಜಿಯಾ ಬೋರ್ಜಿಯಾ ಅನ್ನೋ ಒಪೇರಾ ಇದೇ ಥರ ನಿಂತು ಹಾಡೋ ಕಾರ್ಯಕ್ರಮ ಇತ್ತು. ಹಾಡಬೇಕಿದ್ದ ಮೆರಿಲಿನ್ ಹಾರ್ನ್ ಬರೋಕಾಗ್ಲಿಲ್ಲ, ಅವರ ಜಾಗಕ್ಕೆ ಬಾರ್ಸಿಲೋನಾದ ಮೊಂಟ್ಸೆರಾಟ್ ಕಬಯೆ ಅನ್ನೋ ಗಾಯಕಿಯನ್ನ ಕರೆಸಿದ್ರು, ಅಮೆರಿಕಾದ ಜನಕ್ಕೆ ಅವರು ಯಾರು ಅಂತಾನೇ ಗೊತ್ತಿಲ್ಲ. ಆ ಒಂದು ರಾತ್ರಿ ಮುಗಿಯೋಷ್ಟರಲ್ಲಿ ಅವರು ದೊಡ್ಡ ಹೆಸರು. ಸೀನರಿ ಇಲ್ಲ, ಕಿರೀಟ ಇಲ್ಲ, ಬಚ್ಚಿಟ್ಕೊಳ್ಳೋಕೆ ಒಂದು ಪರದೇನೂ ಇಲ್ಲ, ಇರೋದು ಗಂಟಲು ಒಂದೇ, ಅದು ಗೆದ್ದಿತು. ಇಂಥ ಕಾರ್ಯಕ್ರಮದ ದೊಡ್ಡ ಉಪಕಾರ ಇದೇ, ಸೆಟ್ಟು ಹಾಕಿ ಆಡಿಸೋಕೆ ಯಾರೂ ದುಡ್ಡು ಹಾಕದ ಹಳೇ ಒಪೇರಾಗಳು ಧೂಳು ಕೊಡವಿ ಎದ್ದು ಬರ್ತವೆ.

ಈಗ ವಿಷಯಕ್ಕೆ ಬರ್ತೀನಿ. ಎಲ್ರೂ ಏನಂದ್ಕೊಳ್ತಾರೆ ಅಂದ್ರೆ ಒಪೇರಾದಿಂದ ಸೀನರಿ, ವೇಷ ಕಳೆದ್ರೆ ಮಿಕ್ಕಿದ್ದು ಈ ಕಛೇರಿ ಒಪೇರಾ ಅಂತ. ಹಂಗಲ್ಲ. ನಿಜವಾದ ಬದಲಾವಣೆ ಬೇರೆ, ಅದು ವಾದ್ಯದೋರ ಜಾಗ. ಒಪೇರಾ ಥಿಯೇಟರಲ್ಲಿ ವಾದ್ಯದೋರು ಸ್ಟೇಜಿನ ಮುಂದೆ ಒಂದು ತಗ್ಗಲ್ಲಿ ಕೂತಿರ್ತಾರೆ. ಬೈರಾಯಿತ್‌ನಲ್ಲಂತೂ 1876ರಲ್ಲಿ ಥಿಯೇಟರ್ ಓಪನ್ ಆದಾಗಿಂದ ಆ ತಗ್ಗು ಸ್ಟೇಜಿನ ಕೆಳಗೇ ಇಳ್ಕೊಂಡು ಹೋಗುತ್ತೆ, ಮೇಲೆ ಮುಚ್ಚಳ ಥರ ಒಂದು ಹೊದಿಕೆ ಬೇರೆ, ಕೂತ ಪ್ರೇಕ್ಷಕರಿಗೆ ಒಬ್ಬ ವಾದ್ಯದೋನೂ ಕಾಣಲ್ಲ. ನೂರು ಜನ ಬಾರಿಸಿದ್ರೂ ಶಬ್ದ ಆ ಗುಂಡಿಯೊಳಗೆ ಸುತ್ತಾಡಿ, ಮೆತ್ತಗಾಗಿ, ಹಾಡೋನ ದನಿ ಜೊತೆ ಬೆರೆತು ಹೊರಗೆ ಬರುತ್ತೆ. ಅದೇ ನೂರು ಜನಾನ ತಂದು ಕಾನ್ಸರ್ಟ್ ಹಾಲಿನ ಸ್ಟೇಜ್ ಮೇಲೆ, ಹಾಡೋರ ಬೆನ್ನ ಹಿಂದೆ, ಬಯಲಲ್ಲಿ ಕೂರಿಸಿ. ಏನಾಗುತ್ತೆ? ಮುಚ್ಚಳ ತೆಗೆದ ಸಾರಿನ ಪಾತ್ರೆ ಆಗುತ್ತೆ. ಇದುವರೆಗೆ ಯಾರಿಗೂ ಕೇಳದ ವಯೋಲಾ, ಒಬೋ ಎಲ್ಲ ಎದ್ದು ಬಂದು ಕಿವಿಗೆ ಹೊಡೀತವೆ, ಅದು ಸುಖಾನೇ, ಆದ್ರೆ ಹಾಡೋನ ಪಾಡು ಹೇಳಬ್ಯಾಡಿ.

ಅದಕ್ಕೇ ನೀವು ನೋಡಿದ ವಿಡಿಯೋದಲ್ಲಿ ಹಾಡೋರು ಪೂರ್ತಿ ಮುಂದೆ, ಸ್ಟೇಜಿನ ಅಂಚಲ್ಲಿ ನಿಂತಿದ್ದು. ಅಲ್ಲಿಗೆ ಇನ್ನೊಂದು ಫಜೀತಿ ಶುರು. ವಾದ್ಯಮೇಳ ನಡೆಸೋ ಕಂಡಕ್ಟರ್ ಇವರ ಬೆನ್ನ ಹಿಂದೆ ಉಳೀತಾರೆ, ಥಿಯೇಟರಲ್ಲಾದ್ರೆ ಅವರು ಎದುರಿಗಿರ್ತಾರೆ, ಕೈ ಎತ್ತಿದ್ದು ಕಾಣುತ್ತೆ, ಉಸಿರು ತಗೊಂಡಿದ್ದೂ ಕಾಣುತ್ತೆ. ಇಲ್ಲಿ ಹಾಡೋನು ಜನರ ಕಡೆ ಮುಖ ಮಾಡಿದ್ರೆ ಕಂಡಕ್ಟರ್ ಕಾಣಲ್ಲ, ಕಂಡಕ್ಟರ್ ಕಡೆ ತಿರುಗಿದ್ರೆ ದನಿ ಗೋಡೆಗೆ ಹೋಗುತ್ತೆ. ಹಂಗಾಗಿ ಎದುರಿಗೆ ಸಣ್ಣ ಟಿವಿ ಇಟ್ಟು ಅದರಲ್ಲಿ ಕಂಡಕ್ಟರನ್ನ ತೋರಿಸ್ತಾರೆ, ಇಲ್ಲ ಹಾಡೋರು ಒಂದು ಚೂರು ಓರೆಯಾಗಿ ನಿಂತು ಕಣ್ಣಂಚಲ್ಲೇ ಹಿಡೀತಾರೆ, ಕೆಲವು ಕಡೆ ಹಾಡೋರನ್ನೇ ವಾದ್ಯದೋರ ಹಿಂದೆ ಎತ್ತರದಲ್ಲಿ ನಿಲ್ಲಿಸ್ತಾರೆ. ಹಿಂದೆ ನಿಲ್ಲಿಸಿದ್ರೆ ಕಣ್ಣು ಕೂಡುತ್ತೆ, ಮಾತು ಮಸುಕಾಗುತ್ತೆ. ಎರಡೂ ಬೇಕಂದ್ರೆ ಆಗಲ್ಲ.

ಇದನ್ನ ಇಷ್ಟುದ್ದ ಯಾಕೆ ಹೇಳಿದೆ ಅಂದ್ರೆ ನಿಮ್ಮ ಕುರುಕ್ಷೇತ್ರಕ್ಕೆ ಬರೋ ಮೊದಲ ತೊಂದರೆ ಇದೇನೇ. ನಮ್ಮ ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರು ಎಲ್ಲಿ ಕೂರ್ತಿದ್ರು? ಸ್ಟೇಜಿನ ಮುಂದೆ, ತಗ್ಗಲ್ಲಿ, ನಟನ ಕಡೆ ಮುಖ ಮಾಡಿ, ಕಾಲಲ್ಲಿ ಪೆಡಲ್ ತುಳೀತಾ. ಪಕ್ಕದಲ್ಲಿ ತಬಲಾದೋರು. ದುಗ್ಗಮ್ಮನ ಜಾತ್ರೇಲಿ ಟೆಂಟ್ ಹಾಕಿದಾಗ ಮುಂದಿನ ಸಾಲಲ್ಲಿ ಕೂತಿದ್ರೆ ಮಾಸ್ತರ ಬೆನ್ನು ಮಾತ್ರ ಕಾಣ್ತಿತ್ತು, ಆ ಬೆನ್ನೇ ನಮ್ಮ ಕಂಡಕ್ಟರು. ದಾವಣಗೆರೆ ಅಂದ್ರೆ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ ಊರು, ಈ ಊರಿನ ಹಳಬರಿಗೆ ನಾನು ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ನಟ ಪದ್ಯದ ಕೊನೇಲಿ ಆಲಾಪ ಎಳೀತಾ ಇರ್ತಾನೆ, ಇವತ್ತು ಗಂಟಲು ಚೆನ್ನಾಗಿದೆ ಇನ್ನೂ ಎರಡು ಸುತ್ತು ಹೋಗ್ತಾನೆ, ಜನ ಒನ್ಸ್ ಮೋರ್ ಅಂದ್ರೆ ಮತ್ತೆ ಪಲ್ಲವಿಗೆ ಬರ್ತಾನೆ, ಮಾಸ್ತರು ಆ ಮುಖ ನೋಡ್ಕೊಂಡೇ ಬೆರಳು ಆಡಿಸ್ತಿದ್ರು. ನೊಟೇಶನ್ ಪುಸ್ತಕ ಇರ್ಲಿಲ್ಲ, ನಟನ ಹುಬ್ಬೇ ನೊಟೇಶನ್.

ನಾನೇ ತಿಂದ ಪೆಟ್ಟು ಒಂದು ಹೇಳ್ತೀನಿ. ಬಹಳ ವರ್ಷದ ಹಿಂದೆ ಒಂದು ಕಲ್ಯಾಣ ಮಂಟಪದಲ್ಲಿ ರಂಗಗೀತೆ ಕಾರ್ಯಕ್ರಮ, ಸೌಂಡು ನಂದು, ಕೂರಿಸೋ ವ್ಯವಸ್ಥೇನೂ ನಂದೇ. ನೋಡೋಕೆ ಚೆಂದ ಇರ್ಲಿ ಅಂತ ಹಾರ್ಮೋನಿಯಂ, ತಬಲಾ, ಕ್ಲಾರಿನೆಟ್ ಎಲ್ಲ ಹಿಂದೆ ಸಾಲಾಗಿ ಮಾಡಿ ಹಾಡೋರನ್ನ ಮುಂದೆ ನಿಲ್ಲಿಸಿದೆ, ಥೇಟ್ ಟಿವಿ ಪ್ರೋಗ್ರಾಂ ಥರ. ಹಾಡೋರು ಎಪ್ಪತ್ತು ದಾಟಿದ ಹಿರಿಯರು, ಕಂಪನೀಲಿ ದುರ್ಯೋಧನನ ಪಾತ್ರ ಮಾಡಿದೋರು. ಪದ್ಯ ಎತ್ತಿದ್ರು, ಅದ್ಭುತ. ಎರಡನೇ ಸಾಲಲ್ಲಿ ಅವರ ರೂಢಿಯಂತೆ ತಡೆದು ನಿಂತ್ರು, ಹಿಂದೆ ಕೂತ ಮಾಸ್ತರಿಗೆ ಕಾಣಿಸ್ತಿರೋದು ಜುಬ್ಬಾದ ಬೆನ್ನು, ಅವರು ಪದ್ಯ ಮುಗೀತು ಅಂತ ತಿಳಿದು ಮುಂದಿನ ಹಾಡಿನ ಮಟ್ಟು ಶುರು ಮಾಡಿಬಿಟ್ರು. ಹಿರಿಯರು ತಿರುಗಿ ನೋಡಿದ್ರು, ತಿರುಗಿದ ಕೂಡ್ಲೇ ಮೈಕಿಂದ ಬಾಯಿ ದೂರ ಹೋಯ್ತು, ದನಿ ಹೋಯ್ತು, ತಬಲಾದೋರು ಕೈ ನಿಲ್ಲಿಸಿದ್ರು. ಮೂರೇ ಸೆಕೆಂಡು. ಜನ ಅಜ್ಜರು ಸಾಹಿತ್ಯ ಮರೆತ್ರು ಪಾಪ ಅಂದ್ಕೊಂಡು ಚಪ್ಪಾಳೆ ಹೊಡೆದು ಸಮಾಧಾನ ಮಾಡಿದ್ರು. ಮರೆತಿದ್ದು ಅವರಲ್ಲ, ಕೂರಿಸಿದೋನು ನಾನು. ಇವತ್ತಿಗೂ ಅವರ ಮನೆ ಮುಂದೆ ಹೋಗೋವಾಗ ಗಾಡಿ ಸ್ವಲ್ಪ ಜೋರಾಗಿ ಓಡಿಸ್ತೀನಿ.

ಅದಕ್ಕೆ ನಿಮಗೆ ಹೇಳೋದು, ಹಾರ್ಮೋನಿಯಂನ ಹಿಂದೆ ಇಡಬ್ಯಾಡಿ. ಸ್ಟೇಜಿನ ಒಂದು ಪಕ್ಕಕ್ಕೆ, ಹಾಡೋರಿಗಿಂತ ಒಂದು ಹೆಜ್ಜೆ ಮುಂದೆ ಅಂದ್ರೂ ಸರಿ, ಓರೆಯಾಗಿ ಹಾಡೋರ ಮುಖ ಕಾಣೋ ಹಂಗೆ ಕೂರಿಸಿ. ತಬಲಾ ಮಾಸ್ತರ ಪಕ್ಕದಲ್ಲೇ, ಅವರಿಬ್ರೂ ಒಬ್ಬರ ಕೈ ಒಬ್ಬರಿಗೆ ಕಾಣ್ಬೇಕು. ಕ್ಲಾರಿನೆಟ್ ಇದ್ರೆ ಅದನ್ನ ಮಾತ್ರ ಹಿಂದೆ ದೂರ ಇಡಿ, ಅದಕ್ಕೆ ಯಾರ ಸಹಾಯಾನೂ ಬೇಕಾಗಿಲ್ಲ, ಹಿಂದಿನ ಸಾಲಿನ ತನಕ ತಾನೇ ಹೋಗುತ್ತೆ. ಪಿಟೀಲು ಇದ್ರೆ ಮುಂದೆ.

ಇನ್ನು ದನಿ. ಒಪೇರಾದೋರು ಮೈಕ್ ಇಲ್ಲದೆ ನೂರು ವಾದ್ಯ ದಾಟಿ ಹೆಂಗೆ ಕೇಳಿಸ್ತಾರೆ ಅಂತ ಆಶ್ಚರ್ಯ ಪಡ್ತಾರೆ ಜನ, ಜೋರಾಗಿ ಕಿರುಚ್ತಾರೆ ಅನ್ನೋದು ತಪ್ಪು. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಅನ್ನೋ ವಿಜ್ಞಾನಿ 1970ರ ದಶಕದಲ್ಲಿ ಇದನ್ನ ಅಳೆದು ತೋರಿಸಿದ್ರು. ದೊಡ್ಡ ವಾದ್ಯಮೇಳದ ಶಕ್ತಿ ಸುಮಾರು 500 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ ಅಷ್ಟು ಕಂಪನ) ಹತ್ರ ಜಾಸ್ತಿ, ಮೇಲೆ ಹೋದಂಗೆ ಕಮ್ಮಿ ಆಗ್ತಾ ಹೋಗುತ್ತೆ. ಪಳಗಿದ ಗಂಡು ದನೀಲಿ 3000 ಹರ್ಟ್ಸ್ ಆಸುಪಾಸು ಒಂದು ವಿಶೇಷ ಮೊನಚು ಏಳುತ್ತೆ, ಗಂಟಲಿನ ಒಳಗಿನ ಜಾಗವನ್ನ ಹಿಗ್ಗಿಸಿ, ಕುಗ್ಗಿಸಿ ಸಾಧಿಸೋದು ಅದು. ಅಲ್ಲಿ ವಾದ್ಯಗಳ ಜನಸಂದಣಿ ಕಮ್ಮಿ, ನಮ್ಮ ಕಿವಿಯೂ ಆ ಜಾಗದಲ್ಲೇ ಚುರುಕು, ಹಂಗಾಗಿ ದನಿ ಸಂದಿ ನೋಡಿ ನುಸುಳ್ಕೊಂಡು ಬರುತ್ತೆ, ಬೆಳಗ್ಗೆ ಪಿ.ಬಿ. ರೋಡ್ ಟ್ರಾಫಿಕ್ಕಲ್ಲಿ ಸೈಕಲ್ಲಿನೋನು ಹೋದಂಗೆ. ಹೆಣ್ಣು ದನಿಯ ಮೇಲಿನ ಸ್ಥಾಯಿಗೆ ಈ ಉಪಾಯ ಅಷ್ಟು ಬೇಕಾಗಲ್ಲ, ಆ ಎತ್ತರವೇ ದಾಟಿಸುತ್ತೆ. ನಮ್ಮ ಹಳೇ ಕಂಪನಿ ನಟರು ಮೈಕ್ ಬರೋ ಮುಂಚೆ ಅಷ್ಟು ಮೇಲಿನ ಶ್ರುತೀಲಿ ಹಾಡ್ತಿದ್ದುದು ಯಾಕೆ ಅಂತೀರಿ? ಚಟ ಅಲ್ಲ, ಕೊನೇ ಸಾಲಿನ ನಾಲ್ಕಾಣೆ ಟಿಕೆಟ್‌ನೋನಿಗೂ ಮುಟ್ಟಬೇಕಲ್ಲ.

ಆದ್ರೆ ಮೇಷ್ಟ್ರೇ, ನಿಮ್ಮ ಸಂಘದೋರು ಈಗ ಅರವತ್ತು ದಾಟಿದೋರು. ಹಳೇ ಶ್ರುತಿ ಹಿಡೀತೀವಿ ಅನ್ನೋ ಹಟ ಬಿಟ್ಟು ಒಂದೆರಡು ಮನೆ ಇಳಿಸ್ಕೊಳ್ಳಿ, ಮರ್ಯಾದೆ ಹೋಗಲ್ಲ. ಮೈಕ್ ಬೇಡವೇ ಬೇಡ ಅನ್ನೋ ಶುದ್ಧಾಚಾರಾನೂ ಬೇಡ. ಒಬ್ಬೊಬ್ಬರ ಕೈಗೂ ಒಂದೊಂದು ಮೈಕ್ ಕೊಟ್ರೆ ಮಾತ್ರ ಆರ್ಕೆಸ್ಟ್ರಾ ಪ್ರೋಗ್ರಾಂ ಆಗೋಗುತ್ತೆ, ಕರ್ಣ ವೈರ್ ಸುತ್ಕೊಂಡು ಕುಂತಿ ಕಾಲಿಗೆ ಬೀಳ್ತಾನೆ. ಕಂಪನೀಲಿ ಮೇಲಿಂದ ಮೈಕ್ ಇಳಿಬಿಡ್ತಿದ್ರಲ್ಲ, ನಟರು ಹಾಡೋವಾಗ ಅದರ ಕೆಳಗೆ ಬಂದು ನಿಲ್ತಿದ್ರು, ಆ ಬುದ್ಧಿವಂತಿಕೆ ಸಾಕು. ಮುಂದೆ ಎರಡೋ ಮೂರೋ ಸ್ಟ್ಯಾಂಡ್ ಮೈಕ್ ಹಾಕಿ, ವಾಲ್ಯೂಮ್ ಇದೆ ಅಂತ ಗೊತ್ತೇ ಆಗದಷ್ಟು ಇಟ್ಕೊಳ್ಳಿ, ವಾದ್ಯಕ್ಕೆ ಮೈಕೇ ಬೇಡ. ನಿಮ್ಮ ಸೌಂಡ್‌ನೋರು ಹಾರ್ಮೋನಿಯಂಗೂ ಎರಡು ಮೈಕ್ ಹಾಕ್ತೀನಿ ಅಂತಾರೆ, ಬಾಡಿಗೆ ಬರುತ್ತಲ್ಲ ಅವರಿಗೆ, ನಾನೂ ಅದೇ ಕಸುಬಿನೋನು, ನಂಬಿ.

ಹಾಲಿನ ಬಗ್ಗೆ ಸ್ವಲ್ಪ ಲೆಕ್ಕ ಹೇಳ್ತೀನಿ. ಒಂದು ಶಬ್ದ ನಿಂತ ಮೇಲೆ ಅದರ ಗುಂಗು 60 ಡೆಸಿಬಲ್ ಇಳಿಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ಒಂದು ಅಳತೆ. ಒಳ್ಳೆ ಕಾನ್ಸರ್ಟ್ ಹಾಲಲ್ಲಿ ಅದು 2 ಸೆಕೆಂಡ್ ಆಸುಪಾಸು, ವಿಯೆನ್ನಾದ ಮ್ಯೂಸಿಕ್‌ಫೆರೈನ್ ಅಂಥದ್ದು. ಇಟಲಿಯ ಲಾ ಸ್ಕಾಲಾ ಥರದ ಒಪೇರಾ ಥಿಯೇಟರಲ್ಲಿ 1.2 ಸೆಕೆಂಡ್ ಹತ್ರ, ಯಾಕಂದ್ರೆ ಅಲ್ಲಿ ಮಾತು ತಿಳೀಬೇಕು. ಬರೀ ಭಾಷಣಕ್ಕಾದ್ರೆ ಇನ್ನೂ ಕಮ್ಮಿ ಒಳ್ಳೇದು. ಕಾನ್ಸರ್ಟ್ ಹಾಲಲ್ಲಿ ಒಪೇರಾ ಹಾಡಿದ್ರೆ ಪಿಟೀಲುಗಳು ರೇಷ್ಮೆ ಥರ ಕೇಳ್ತವೆ ಆದ್ರೆ ಚುರುಕಾಗಿ ಮಾತಾಡ್ದಂಗೆ ಹಾಡೋ ಭಾಗಗಳು ಒಂದರ ಮೇಲೊಂದು ಬಿದ್ದು ಗೋಜಲಾಗ್ತವೆ, ಅದಕ್ಕೇ ನಾನು ನಗೆ ಒಪೇರಾಗಳನ್ನ ಕಾನ್ಸರ್ಟ್ ಹಾಲಲ್ಲಿ ಕೇಳೋಕೆ ಹೋಗಲ್ಲ, ವೈಯಕ್ತಿಕ ರುಚಿ. ನಿಮ್ಮ ಕುರುಕ್ಷೇತ್ರದಲ್ಲಿ ಕಂದ, ವೃತ್ತ ತುಂಬಾ, ಮಹಾಪ್ರಾಣ, ಒತ್ತಕ್ಷರ ತುಂಬಾ, ಗುಂಗು ಜಾಸ್ತಿ ಇರೋ ಹಾಲಲ್ಲಿ ಅದು ಅನ್ನದೊಳಗೆ ಕಲ್ಲು ಸಿಕ್ಕಂಗೆ ಕೇಳುತ್ತೆ.

ನಮ್ಮೂರುಗಳಲ್ಲಿ ಸಿಗೋದು ಟೈಲ್ಸ್ ನೆಲ, ಬೋಳು ಗೋಡೆ, ಮೇಲೆ ಆರ್‌ಸಿಸಿ. ಹಾಲ್ ಬುಕ್ ಮಾಡೋಕೆ ಮುಂಚೆ ಒಬ್ಬರು ಸ್ಟೇಜ್ ಮೇಲೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೀರಿ, ಇನ್ನೊಬ್ಬರು ಕೊನೇ ಸಾಲಲ್ಲಿ ಕಣ್ಣು ಮುಚ್ಕೊಂಡು ಕೇಳಿ. ಬಾಲ ಇರೋ ಶಬ್ದ ಬಂದ್ರೆ ಗುಂಗು, ಟಕಟಕಟಕ ಅಂತ ಹಲ್ಲಿ ಲೊಚಗುಟ್ಟಿದಂಗೆ ಬಂದ್ರೆ ಎದುರುಬದುರು ಗೋಡೆಗಳ ಆಟ. ಒಂದು ಪಕ್ಕದ ಗೋಡೆಗೆ ದಪ್ಪನೆ ಪರದೆ, ಅದೂ ಮಡಿಕೆ ಮಡಿಕೆಯಾಗಿ ಇಳಿಬಿಟ್ರೆ ಅರ್ಧ ರೋಗ ವಾಸಿ. ಖಾಲಿ ಹಾಲಲ್ಲಿ ಕೇಳಿ ಹೆದರಬೇಡಿ, ಜನ ತುಂಬಿದ್ರೆ ಅವರ ಬಟ್ಟೆ, ಮೈ ಎಲ್ಲ ಶಬ್ದ ಹೀರ್ಕೊಳ್ಳುತ್ತೆ, ಪ್ಲಾಸ್ಟಿಕ್ ಕುರ್ಚಿ ಹಾಲಲ್ಲಂತೂ ಖಾಲಿಗೂ ತುಂಬಿದ್ದಕ್ಕೂ ಅಜಗಜಾಂತರ. ಚಿತ್ರದುರ್ಗ ಕಡೆಯೂ ಒಂದು ಶೋ ಮಾಡೋ ಯೋಚನೆ ಇದ್ರೆ ತರಾಸು ರಂಗಮಂದಿರದಂಥ ನಾಟಕಕ್ಕೇ ಅಂತ ಇರೋ ಜಾಗ ನೋಡಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಬಯಲು ರಂಗಮಂದಿರ ನೋಡಿದ್ದೀರಲ್ಲ, ಮೆಟ್ಟಿಲು ಮೆಟ್ಟಿಲಾಗಿ ಗ್ರೀಕರ ಥರ ಕಟ್ಟಿರೋದು, ಅಲ್ಲಿ ಸಮಸ್ಯೆ ಉಲ್ಟಾ, ಗುಂಗೇ ಇಲ್ಲ, ಬಯಲಲ್ಲಿ ದೂರ ಎರಡರಷ್ಟಾದಾಗೆಲ್ಲ ದನಿ 6 ಡೆಸಿಬಲ್ ಇಳಿಯುತ್ತೆ, ಹಾಡು ಒಣಗಿದಂಗೆ ಕೇಳುತ್ತೆ. ನಾಟಕಕ್ಕೆ ಚೆನ್ನ, ನಿಂತು ಹಾಡೋದಕ್ಕೆ ನಾನು ಅಂಥ ಜಾಗ ಆರಿಸಲ್ಲ.

ಒಂದು ಸಣ್ಣ ವಿಷಯ, ಯಾರೂ ಹೇಳಲ್ಲ. ಸ್ಟೇಜ್ ಹಲಗೇದಾಗಿದ್ರೆ ಒಳಗೆ ಟೊಳ್ಳಿರುತ್ತೆ. ಒಂದು ಸಲ ರಿಹರ್ಸಲ್‌ನಲ್ಲಿ ಹಾಡೋ ಹುಡುಗಿ ದನಿ ಎಷ್ಟು ಮಾಡಿದ್ರೂ ಮೇಲೆ ಬರ್ತಿಲ್ಲ, ಮೈಕ್ ಏರಿಸಿದ್ರೆ ಕೂಗುತ್ತೆ, ತಬಲಾದೋರಿಗೆ ಮೆತ್ತಗೆ ಬಾರಿಸಿ ಅಂದ್ರೆ ಅವರಿಗೆ ಸಿಟ್ಟು. ಆಮೇಲೆ ನಾನು ಸ್ಟೇಜ್ ಮೇಲೆ ಕೈಯಿಟ್ಟು ನೋಡ್ತೀನಿ, ಡಗ್ಗಾ ಬಿದ್ದಾಗೆಲ್ಲ ಹಲಗೆ ನಡುಗ್ತಿದೆ, ಇಡೀ ಸ್ಟೇಜೇ ಒಂದು ದೊಡ್ಡ ಡಗ್ಗಾ ಆಗಿದೆ. ಶಾಮಿಯಾನದೋರ ಹತ್ರ ಎರಡು ದಪ್ಪ ಜಮಖಾನ ಇಸ್ಕೊಂಡು ನಾಲ್ಕು ಮಡಿಕೆ ಹಾಕಿ ತಬಲಾ ಕೆಳಗೆ ಹಾಸಿದ್ವಿ. ಅದೇ ಹುಡುಗಿ, ಅದೇ ಮೈಕ್, ವಾಲ್ಯೂಮ್ ಮುಟ್ಟಲೇ ಇಲ್ಲ, ಸಾಲಿನ ಕೊನೆಯ ಅಕ್ಷರ ತನಕ ಕೇಳಿಸೋಕೆ ಶುರುವಾಯ್ತು. ತಬಲಾದೋರು ನಾನೇನು ಹೇಳಿದ್ದೆ ಅನ್ನೋ ಥರ ನನ್ನ ನೋಡಿದ್ರು.

ಏನನ್ನ ಆರಿಸ್ಕೋಬೇಕು ಅನ್ನೋದು ಮುಖ್ಯ. ಎಲ್ಲ ಒಪೇರಾನೂ ಕಛೇರಿಗೆ ಒಗ್ಗಲ್ಲ. ಹಂಗೇರಿಯ ಬಾರ್ಟೋಕ್ ಬರೆದ ಬ್ಲೂಬಿಯರ್ಡ್ಸ್ ಕ್ಯಾಸಲ್ ಅಂತ ಒಂದಿದೆ, 1918ರಲ್ಲಿ ಬುಡಾಪೆಸ್ಟಲ್ಲಿ ಮೊದಲು ಆಡಿದ್ದು, ಹೆಚ್ಚು ಕಮ್ಮಿ ಒಂದು ಗಂಟೇದು, ಹಾಡೋರು ಇಬ್ಬರೇ, ಗಂಡ ಹೆಂಡತಿ. ಕತ್ತಲೆ ಕೋಟೆ, ಏಳು ಮುಚ್ಚಿದ ಬಾಗಿಲು, ಅವಳು ಒಂದೊಂದೇ ತೆಗೆಸ್ತಾಳೆ. ಐದನೇ ಬಾಗಿಲು ತೆಗೆದ ಕೂಡ್ಲೇ ಅವನ ಇಡೀ ರಾಜ್ಯ ಕಾಣ್ಬೇಕು, ಆಗ ಪೂರ್ತಿ ವಾದ್ಯಮೇಳ, ಆರ್ಗನ್ ಸಮೇತ, ಒಂದೇ ಸಲ ಭೋರ್ಗರೆದು ಎದ್ದು ನಿಲ್ಲುತ್ತೆ. ಯಾವ ಪೇಂಟರ್ ಆ ಪರದೆ ಬರೀತಾನೆ ಹೇಳಿ? ಸ್ಟೇಜಲ್ಲಿ ಏನು ತೋರಿಸಿದ್ರೂ ಆ ಶಬ್ದಕ್ಕಿಂತ ಸಣ್ಣದಾಗುತ್ತೆ. ನಮ್ಮ ಚಿತ್ರದುರ್ಗದ ಕೋಟೇಲಿ ಒಂದರ ಹಿಂದೊಂದು ಬಾಗಿಲು ದಾಟಿ ಮೇಲೆ ಹೋಗಿ ನಿಂತಾಗ ಇಡೀ ಬಯಲು ಒಮ್ಮೆಲೇ ಕಣ್ಣಿಗೆ ಬೀಳುತ್ತಲ್ಲ, ನನಗೆ ಅದನ್ನ ಕೇಳಿದಾಗೆಲ್ಲ ಅದೇ ನೆನಪಾಗೋದು. ಇಂಥದ್ದಕ್ಕೆ ಕಛೇರಿ ರೂಪ ಮೇಲು. ಪುಚ್ಚಿನಿಯ ಟೋಸ್ಕಾ ತಗೊಳ್ಳಿ, 1900ರದ್ದು, ಕೊನೇಲಿ ನಾಯಕಿ ಕೋಟೆ ಮೇಲಿಂದ ಹಾರ್ತಾಳೆ. ಕಛೇರೀಲಿ ಅವಳು ಎಲ್ಲಿಗೆ ಹಾರೋದು? ಪುಸ್ತಕ ಮುಚ್ಚಿ ಸುಮ್ಮನೆ ನಿಲ್ತಾಳೆ, ಇಲ್ಲ ಸೈಡಿಗೆ ನಡ್ಕೊಂಡು ಹೋಗ್ತಾಳೆ. ಅಲ್ಲಿ ನಿಮ್ಮ ಮೋಸ ಅನ್ನೋ ಮಾತನ್ನ ನಾನೂ ಅರ್ಧ ಒಪ್ತೀನಿ.

ಅದೇ ತಕ್ಕಡೀಲಿ ಕುರುಕ್ಷೇತ್ರ ತೂಗಿ. ಗದಾಯುದ್ಧ ಬೇಡ. ಎಂಟು ಜನ ನಿಂತ್ಕೊಂಡು ಗದೆ ಇಲ್ಲದೆ ಗದಾಯುದ್ಧ ಹಾಡಿದ್ರೆ ಮಕ್ಕಳು ನಗ್ತಾವೆ. ಕರ್ಣ ಕುಂತಿ ಭೇಟಿ ಇಟ್ಕೊಳ್ಳಿ, ನದಿ ದಂಡೆ, ಇಬ್ಬರೇ, ಒಳಗಿನ ಬಾಗಿಲು ತೆಗೀತಾ ಹೋಗೋ ಕಥೆ ಅದೂ. ಕೃಷ್ಣಸಂಧಾನ ಇಟ್ಕೊಳ್ಳಿ, ಅಲ್ಲಿ ವಾದಾನೇ ಯುದ್ಧ. ದುರ್ಯೋಧನ ಒಬ್ಬನೇ ಸರೋವರದ ದಂಡೇಲಿ ನಿಂತ ಹೊತ್ತು, ಅಲ್ಲಿ ಕ್ಲಾರಿನೆಟ್ ಒಂದನ್ನೇ ಬಿಡಿ, ತಬಲಾ ಪೂರ್ತಿ ನಿಲ್ಲಿಸಿ. ರಾತ್ರಿಯಿಡೀ ಆಡ್ತಿದ್ದುದನ್ನ ಒಂದೂವರೆ ಗಂಟೆಗೆ ತನ್ನಿ. ನಡುವಿನ ಕಥೆಗೆ ಒಬ್ಬ ಸೂತ್ರಧಾರ ಸಾಕು, ನಾಲ್ಕು ನಾಲ್ಕು ಸಾಲು, ನೀವೇ ಆ ಕೆಲಸ ಮಾಡಿ, ಮೇಷ್ಟ್ರು ದನಿ ಇದ್ದೇ ಇರುತ್ತೆ. ದಯವಿಟ್ಟು ಪ್ರತಿ ದೃಶ್ಯಕ್ಕೂ ಪೀಠಿಕೆ ಹಾಕಬ್ಯಾಡಿ.

ವೇಷದ ಬಗ್ಗೆ ಜಗಳ ಆಗುತ್ತೆ ನಿಮ್ಮಲ್ಲಿ, ಈಗಲೇ ಹೇಳ್ತೀನಿ. ಒಬ್ಬರು ಕಿರೀಟ ಮಾತ್ರ ಇಟ್ಕೊಳ್ತೀನಿ ಅಂತಾರೆ. ಬೇಡ. ಅರ್ಧ ವೇಷ ಹಾಕಿದ್ರೆ ಜನ ಇನ್ನರ್ಧ ಎಲ್ಲಿ ಅಂತ ಹುಡುಕ್ತಾರೆ, ಏನೂ ಇಲ್ಲದಿದ್ರೆ ಹುಡುಕಲ್ಲ. ಬಿಳಿ ಪಂಚೆ, ಜುಬ್ಬಾ, ಬೇಕಂದ್ರೆ ಪಾತ್ರಕ್ಕೊಂದು ಬಣ್ಣದ ಶಲ್ಯ, ಅಷ್ಟು ಸಾಕು. ವಿದೇಶದಲ್ಲಿ ನಡುದಾರಿ ಒಂದಿದೆ, ಅಲ್ಪಸ್ವಲ್ಪ ಓಡಾಟ, ಬೆಳಕು, ಒಂದು ಕುರ್ಚಿ, ಹಂಗೆ. ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಒಪೇರಾದೋರು 1961ರಿಂದ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವಕ್ಕೆ ತಮ್ಮ ಒಪೇರಾ ಹಿಂಗೇ ತಗೊಂಡು ಬರ್ತಿದ್ದಾರೆ. ಅದೇ ಪ್ರಾಮ್ಸ್‌ನಲ್ಲಿ 2013ರಲ್ಲಿ ಬರೆನ್‌ಬೋಯಿಮ್ ಅನ್ನೋ ಕಂಡಕ್ಟರ್ ವಾಗ್ನರರ ರಿಂಗ್ ಅನ್ನೋ ನಾಲ್ಕು ಒಪೇರಾಗಳ ಸರಣಿ ಪೂರ್ತಿ ಮಾಡಿಸಿದ್ರು, ಹದಿನೈದು ಗಂಟೆ ಹತ್ರದ ಸಂಗೀತ, ಜನ ನಿಂತ್ಕೊಂಡು ಕೇಳಿದ್ರು. ಕಾಲು ನೋವು ಗೊತ್ತಾಗ್ಲಿಲ್ವೇನೋ! (ಪ್ರಾಮ್ಸ್ ನಡೆಯೋ ಅದೇ ರಾಯಲ್ ಆಲ್ಬರ್ಟ್ ಹಾಲಿಗೆ ನಮ್ಮ ಋಣಾನುಬಂಧವೂ ಇದೆ. 1950ರಲ್ಲಿ ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡು ಅಲ್ಲಿ ಮೊದಲ ಸಲ ಕೇಳಿಸಿದ್ದು ನಮ್ಮ ಮೈಸೂರು ಮಹಾರಾಜರು ಜಯಚಾಮರಾಜ ಒಡೆಯರು ಕೊಟ್ಟ ದುಡ್ಡಿಂದ. ದಾವಣಗೆರೆ, ಚಿತ್ರದುರ್ಗ ಆಗ ಮೈಸೂರು ಸಂಸ್ಥಾನದ್ದೇ, ಅಂದ್ರೆ ನಮ್ಮಜ್ಜರ ಕಂದಾಯದ ಪಾಲೂ ಅಲ್ಲಿತ್ತೇನೋ.)

ಸಾಹಿತ್ಯ ಜನರ ಕೈಗೆ ಕೊಡಿ. ಒಪೇರಾದಲ್ಲಿ 1983ರಲ್ಲಿ ಕೆನಡಾದ ಟೊರೊಂಟೋದೋರು ಸ್ಟೇಜ್ ಮೇಲ್ಗಡೆ ಅನುವಾದದ ಸಾಲು ಓಡಿಸೋಕೆ ಶುರು ಮಾಡಿದ್ರು, ಮೊದಮೊದಲು ಮಡಿವಂತರು ಮೂಗು ಮುರಿದ್ರು, ಈಗ ಇಲ್ಲದಿದ್ರೆ ಜನ ಬೈತಾರೆ. ನಿಮಗೆ ಪ್ರೊಜೆಕ್ಟರ್ ಬೇಕಿಲ್ಲ, ಪದ್ಯಗಳನ್ನ ದಪ್ಪ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಹಂಚಿ, ಹಾಲ್ ಲೈಟ್ ಪೂರ್ತಿ ಆರಿಸಬ್ಯಾಡಿ. ಒಂದೇ ಎಚ್ಚರ, ಪದ್ಯದ ನಡುವೆ ಪುಟ ತಿರುಗಿಸೋ ಹಂಗೆ ಜೋಡಿಸಬ್ಯಾಡಿ, ಮುನ್ನೂರು ಜನ ಒಟ್ಟಿಗೆ ಹಾಳೆ ತಿರುಗಿಸಿದ್ರೆ ಮಳೆ ಬಂದಂಗೆ ಸದ್ದಾಗುತ್ತೆ, ಕುಂತಿ ಅಳು ಅದರಲ್ಲಿ ಕೊಚ್ಕೊಂಡು ಹೋಗುತ್ತೆ. ಹಾಡೋರ ಫೈಲಿಗೂ ಇದೇ ಮಾತು, ಪ್ಲಾಸ್ಟಿಕ್ ಕವರ್ ಬೇಡ, ಕಿರಕಿರ ಅನ್ನುತ್ತೆ. ಮತ್ತೆ ಫೈಲ್ ನೋಡಿ ಹಾಡೋದು ತಪ್ಪಲ್ಲ, ಆದ್ರೆ ಎದುರಿನ ಪಾತ್ರ ಹಾಡ್ತಿರೋವಾಗ ನಿಮ್ಮೋರು ತಲೆ ತಗ್ಗಿಸಿ ಮುಂದಿನ ಪುಟ ಹುಡುಕ್ತಾ ಇರಬಾರ್ದು. ಕುಂತಿ ಹೆತ್ತ ಕಥೆ ಹೇಳ್ತಿದ್ರೆ ಕರ್ಣ ಅವಳನ್ನ ನೋಡ್ಬೇಕು. ವೇಷ ಇಲ್ಲದ ಕಡೆ ಕೇಳಿಸ್ಕೊಳ್ಳೋ ಮುಖಾನೇ ಅಭಿನಯ, ನೀವು ನೋಡಿದ ವಿಡಿಯೋನ ಇನ್ನೊಂದ್ಸಲ ಹಾಕಿ, ಈ ಸಲ ಹಾಡೋರನ್ನ ಬಿಟ್ಟು ಪಕ್ಕದಲ್ಲಿ ಸುಮ್ಮನೆ ನಿಂತೋರನ್ನ ನೋಡಿ.

ಖರ್ಚಿನ ಬಗ್ಗೆ ಕೇಳಿಲ್ಲ ಆದ್ರೂ ಹೇಳ್ತೀನಿ, ಡ್ರೆಸ್, ಸೀನರಿ ಉಳೀತು ಅಂತ ಆ ದುಡ್ಡನ್ನೆಲ್ಲ ಊಟಕ್ಕೆ ಹಾಕಬ್ಯಾಡಿ. ರಿಹರ್ಸಲ್‌ಗೆ ಹಾಕಿ. ಆ ಹಾಲಲ್ಲೇ, ಆ ಸ್ಟೇಜ್ ಮೇಲೇ, ಎರಡು ಸಂಜೆ ಆದ್ರೂ ಸಿಗ್ಬೇಕು, ಮನೆ ಮಹಡಿ ಮೇಲೆ ನಾಲ್ಕು ತಿಂಗಳು ಮಾಡಿದ್ದು ಹಾಲಿಗೆ ಬಂದ ದಿನ ಬೇರೇನೇ ಕೇಳುತ್ತೆ. ಕಾರ್ಯಕ್ರಮ ಏಪ್ರಿಲ್ಲು ಮೇನಲ್ಲಿ ಮಾತ್ರ ಇಟ್ಕೊಳ್ಳಬೇಡಿ. ನಮ್ಮ ದಾವಣಗೆರೆ ಬಿಸಿಲಿಗೆ ಫ್ಯಾನ್ ಹಾಕಲೇಬೇಕು, ಇಪ್ಪತ್ತು ಫ್ಯಾನ್ ಒಟ್ಟಿಗೆ ತಿರುಗಿದ್ರೆ ಸ, ಶ, ತ ಅಕ್ಷರಗಳೆಲ್ಲ ಗಾಳಿ ಪಾಲು. ನವೆಂಬರ್ ಡಿಸೆಂಬರ್ ಒಳ್ಳೇದು. ಆಗ್ಲೂ ಮೊದಲ ರಿಹರ್ಸಲ್ ದಿನಾನೇ ವಾಚ್‌ಮನ್ ಹತ್ರ ಯಾವ ಸ್ವಿಚ್ ಯಾವ ಫ್ಯಾನಿಂದು ಅಂತ ಕೇಳಿ ಚೀಟಿ ಅಂಟಿಸ್ಬಿಡಿ, ಕರ್ಣ ಕುಂತಿ ಸೀನ್ ಶುರುವಾಗೋ ಮುಂಚೆ ಸ್ಟೇಜ್ ಹತ್ರದ ನಾಲ್ಕು ಫ್ಯಾನ್ ಆರಿಸೋಕೆ ನಿಮ್ಮ ಮಗಳನ್ನ ನಿಲ್ಲಿಸಿ. ಜಮಖಾನ ಮರೀಬ್ಯಾಡಿ.